ಸಯ್ಯಾಬನ ಮಳಿ, ಎಲಿಯಟ್‌ನ ಬರ: ಹೋಲಿಕಿ ಎಲ್ಲಿಂದ ಶುರು ಮಾಡ್ಬೇಕು?

ಪ್ರಶ್ನೆ: ಎಂ.ಎ. ಇಂಗ್ಲಿಷ್, ಧಾರವಾಡ
ಇರಾಕಿನ ಕವಿ ಬದ್ರ್ ಶಾಕಿರ್ ಅಲ್-ಸಯ್ಯಾಬನ ‘ಮಳೆಯ ಹಾಡು’ (1954), ಇಂಗ್ಲಿಷ್ ಕವಿ ಟಿ.ಎಸ್. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ (1922), ಈ ಎರಡು ಕವಿತಾ ಇಟಗೊಂಡು ಸಂಕೇತ, ಸಂಕಟ, ಬಂಡಾಯದ ಮ್ಯಾಲೆ ಹತ್ತು ಪುಟದ ಸೆಮಿನಾರ್ ಪ್ರಬಂಧ ಬರೀಬೇಕ್ರಿ. ಎರಡರಾಗೂ ನೀರು ಅಂದ್ರ ಮರುಹುಟ್ಟು, ಬರ ಅಂದ್ರ ಸಾವು ಅಂತ ಕೋಷ್ಟಕ ಹಾಕೀನಿ. ಅರಬ್ಬಿ ಬರೂದಿಲ್ಲ. ಇಷ್ಟು ಸಾಕಾಗ್ತದೇನು?

ಉತ್ತರ 1: ಹಾವೇರಿ
ಕೋಷ್ಟಕ ಹರದು ಒಗೀರಿ. ಎಲಿಯಟ್‌ನದು ಒಣ ಬರ. ಬರೇ ಕಲ್ಲು, ಮರಳ ದಾರಿ. ಗುಡುಗ್ತದ, ಮಳಿಗಾಳಿ ಬೀಸ್ತದ, ಮಳಿ ಹಿಡೀತು ಅನ್ನೂ ಖಾತ್ರಿ ಮಾತ್ರ ಇಲ್ಲ. ಸಯ್ಯಾಬನಲ್ಲಿ ಮಳಿ ಧೋ ಅಂತ ಸುರೀತದ, ಆದ್ರೂ ಹಸಿವಿಲ್ಲದ ಒಂದು ವರ್ಷನೂ ಇರಾಕಿನಾಗ ಹೋಗಿಲ್ಲ ಅಂತಾನ. ನಮ್ಮ ಕಡೆ ಹಸಿ ಬರ ಅಂತೀವಲ್ಲ, ಹಂಗ.

ಉತ್ತರ 2: ಗದಗ
ಹಸಿ ಬರ ಅಲ್ರೀ ಅದು. ಹಸಿ ಬರದಾಗ ಬೆಳಿ ಹೊಲದಾಗೇ ಕೊಳೀತದ. ಇಲ್ಲಿ ಸುಗ್ಗಿ ಆಗೇದ. ಕಾಳು ಕಾಗಿ, ಮಿಡತಿ ಹೊಟ್ಟಿಗೆ ಹೋಗೇದ. ತಪ್ಪು ಮುಗಿಲಿಂದಲ್ಲ, ತಿನ್ನವರದು. ಬಂಡಾಯದ ಎಳಿ ಇಲ್ಲಿಂದನ ಹಿಡೀರಿ.

ಆಮ್ಯಾಲೆ ಸಯ್ಯಾಬ ಪರ್ಶಿಯನ್ ಕೊಲ್ಲಿಯನ್ನ ಕೂಗೂ ಸಾಲು ನೋಡ್ರಿ: ಮುತ್ತು, ಚಿಪ್ಪು, ಸಾವು ಕೊಡೂ ಕೊಲ್ಲಿಯೇ ಅಂತ ಕರೀತಾನ. ತಿರುಗಿ ಬರೂ ಪ್ರತಿಧ್ವನಿಯೊಳಗ ಚಿಪ್ಪು ಐತಿ, ಸಾವು ಐತಿ, ಮುತ್ತು ಇಲ್ಲ! ಒಂದು ಶಬ್ದ ಕಳದು ಇಡೀ ಲೂಟಿ ತೋರಿಸ್ಯಾನ. ಇದರ ಮ್ಯಾಲೆ ಎರಡು ಪುಟ ಖರ್ಚಾದ್ರೂ ಅಡ್ಡಿಯಿಲ್ಲ.

ಪ್ರಶ್ನೆ ಕೇಳಿದವರು
ಸಯ್ಯಾಬನ ಕವಿತಾದಾಗ ತಮ್ಮೂಜ್ ದೇವರ (ಸತ್ತು ಮತ್ತ ಹುಟ್ಟಿ ಬರೂ ಹಳೇ ಮೆಸೊಪೊಟೇಮಿಯಾದ ದೇವರು) ಪುರಾಣ ಎಲ್ಲಿ ಬರ್ತದ್ರಿ? ಹುಡುಕಿದ್ರ ಸಿಗವಲ್ದು.

ಉತ್ತರ 3: ಹುಬ್ಬಳ್ಳಿ
ಈ ಕವಿತಾದಾಗ ಹೆಸರು ಬರೂದೇ ಇಲ್ಲ, ಸತ್ತು ಹುಟ್ಟೂ ಲಯದಾಗ ಅಡಗೇದ. ಹೆಸರು ಕಾಣದ್ದಕ್ಕ ಪುರಾಣನ ಇಲ್ಲ ಅಂತ ಬರದ್ರ ಎಡವಿದಂಗ.

ಇನ್ನೊಂದು, ಸಯ್ಯಾಬ ಬರದ ‘ಶಿಅರ್ ಹುರ್’ (ಅರಬ್ಬಿ ಮುಕ್ತ ಪದ್ಯ) ಅಂದ್ರ ಛಂದಸ್ಸಿಲ್ಲದ ಪದ್ಯ ಅಲ್ಲ. ‘ರಜಜ್’ ಅನ್ನೂ ಹಳೇ ಅರಬ್ಬಿ ಛಂದಸ್ಸಿನ ಗಣ ಹಂಗ ಉಳಿಸಿ, ಸಾಲಿಗೆ ಎಷ್ಟು ಗಣ ಅನ್ನೂ ಕಟ್ಟು ಮುರದಾನ. ರೂಪದಾಗೂ ಬಂಡಾಯ ಅದ, ಅನುವಾದದಾಗ ಅದು ಕಾಣೂದಿಲ್ಲ. ಮೂಲದ ವಾಚನ ಒಂದು ಹಚ್ಚಿ, ‘ಮತರ್, ಮತರ್, ಮತರ್’ (ಮಳಿ, ಮಳಿ, ಮಳಿ) ಬಂದಲ್ಲೆಲ್ಲ ಅನುವಾದದ ಪ್ರತಿಗೆ ಪೆನ್ಸಿಲ್ಲಿನ ಗುರುತು ಹಾಕ್ರಿ. ಒಮ್ಮೆ ಕೂಸಿನ ನಗಿ, ಒಮ್ಮೆ ವಲಸೆ ಹೊಂಟವರ ಹಾಡು. ಶಬ್ದ ಒಂದೇ, ಅರ್ಥ ಬ್ಯಾರೆ.

ಎಲಿಯಟ್‌ನ ಪದ್ಯದ ಕಡೀಗೆ ಗುಡುಗು ನುಡಿಯೂ ಮೂರು ಮಾತಿಗೆ ಬೃಹದಾರಣ್ಯಕ ಉಲ್ಲೇಖಿಸೂ ಮುಂದ ಕ್ರಮ ತಪ್ಪಬ್ಯಾಡ್ರಿ. ಉಪನಿಷತ್ತಿನಾಗ ದಾಮ್ಯತ (ಹತೋಟಿ ಇರ್ಲಿ), ದತ್ತ (ಕೊಡ್ರಿ), ದಯಧ್ವಮ್ (ದಯೆ ತೋರ್ರಿ). ಎಲಿಯಟ್ ದತ್ತ ಮೊದಲು ತಂದು ದಾಮ್ಯತ ಕಡೀಕ ಇಟ್ಟಾನ. ಅವನ ಪದ್ಯ ‘ಶಾಂತಿಃ’ ಅಂತ ನಿಲ್ತದ. ಸಯ್ಯಾಬನದು ಮುಗಿಯೂಮುಂದನೂ ಮಳಿ ಸುರಿಯಾಕ ಹತ್ತಿರ್ತದ.