ಎಂಟು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟನ್ನು ಪ್ರಯಾಣಕ್ಕೆ ಮೊದಲೇ ನವೀಕರಿಸಬೇಕೇ?

ಪ್ರಶ್ನೆ

ನನ್ನ ಪಾಸ್‌ಪೋರ್ಟಿನ ಅವಧಿ ಮುಗಿಯಲು ಇನ್ನೂ ಎಂಟು ತಿಂಗಳಿದೆ. ಮೂರು ತಿಂಗಳ ನಂತರ ವಿದೇಶಕ್ಕೆ ಹೋಗಿ ನಾಲ್ಕು ವಾರ ಇದ್ದು ಬರುವ ಯೋಜನೆಯಿದ್ದು, ಟಿಕೆಟನ್ನು ಈಗಾಗಲೇ ಕಾದಿರಿಸಿದ್ದೇನೆ. ಆ ದೇಶದ ವೀಸಾ ಇದೇ ಪಾಸ್‌ಪೋರ್ಟಿನ ಪುಟದಲ್ಲಿದ್ದು, ಅದಕ್ಕೆ ಇನ್ನೂ ನಾಲ್ಕು ವರ್ಷಗಳ ಅವಧಿಯಿದೆ. ಹಿಂದಿರುಗುವ ದಿನಕ್ಕೂ ಪಾಸ್‌ಪೋರ್ಟ್ ಚಾಲ್ತಿಯಲ್ಲೇ ಇರುತ್ತದೆಯಾದ್ದರಿಂದ ಬಂದ ಮೇಲೆ ನವೀಕರಿಸಿದರಾಯಿತು ಎಂದುಕೊಂಡಿದ್ದೆ. ಆದರೆ ಆರು ತಿಂಗಳಾದರೂ ಬಾಕಿ ಇರಲೇಬೇಕೆಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಈಗಲೇ ನವೀಕರಿಸಿದರೆ ಸಂಖ್ಯೆ ಬದಲಾಗುತ್ತದಂತೆ. ಹಾಗಾದರೆ ಹಳೆಯ ಸಂಖ್ಯೆಯ ಮೇಲೆ ಪಡೆದ ಟಿಕೆಟ್ ಮತ್ತು ವೀಸಾಗಳ ಗತಿಯೇನು?

ಉತ್ತರ 1

ನಿಮ್ಮ ಸಹೋದ್ಯೋಗಿ ಹೇಳಿದ್ದು ಎಲ್ಲ ದೇಶಗಳಿಗೂ ಅನ್ವಯಿಸುವುದಿಲ್ಲವಾದರೂ ಅನೇಕ ದೇಶಗಳ ಮಟ್ಟಿಗೆ ನಿಜ. ಅಲ್ಲಿ ಕಾಲಿಡುವ ದಿನದಿಂದ ಆರು ತಿಂಗಳು ಎಣಿಸುತ್ತಾರೆ. ನಿಮ್ಮ ಲೆಕ್ಕದಲ್ಲಿ ಆ ದಿನಕ್ಕೆ ಉಳಿಯುವುದು ಐದೇ ತಿಂಗಳು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳ ನಿಯಮ ಬೇರೆ: ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳ ಅವಧಿ ಉಳಿದಿರಬೇಕು, ಜೊತೆಗೆ ಪಾಸ್‌ಪೋರ್ಟ್ ವಿತರಣೆಯಾಗಿ ಹತ್ತು ವರ್ಷ ಮೀರಿರಬಾರದು. ಆದ್ದರಿಂದ ನೀವು ಹೋಗುವ ದೇಶದ ರಾಯಭಾರ ಕಚೇರಿಯ ಜಾಲತಾಣವನ್ನು ನೋಡದೆ ತೀರ್ಮಾನಿಸಬೇಡಿ.

ಇನ್ನೊಂದು ವಿಷಯವನ್ನು ಪೆಟ್ಟು ತಿಂದೇ ಕಲಿತೆ. ವಲಸೆ ಅಧಿಕಾರಿಯ ಮುಂದೆ ನಿಂತಾಗ ಮಾತನಾಡಿ ಒಪ್ಪಿಸಬಹುದೆಂಬ ಭರವಸೆಯಲ್ಲಿ ನಾನು ಹೊರಟಿದ್ದೆ, ಆದರೆ ಅವರವರೆಗೆ ತಲುಪಲೇ ಇಲ್ಲ. ಚೆಕ್-ಇನ್ ಕೌಂಟರಿನಲ್ಲಿದ್ದವರು ಬೆರಳು ಮಡಚಿ ತಿಂಗಳುಗಳನ್ನು ಎಣಿಸಿ, ಐದು ತಿಂಗಳು ಇಪ್ಪತ್ತು ದಿನ ಎಂದು ಹೇಳಿ, ಸೂಟ್‌ಕೇಸನ್ನು ತೂಕದ ಪಟ್ಟಿಯಿಂದ ನನ್ನ ಕಡೆಗೇ ಹೊರಳಿಸಿದರು. ಪ್ರವೇಶ ನಿರಾಕರಿಸಲ್ಪಟ್ಟ ಪ್ರಯಾಣಿಕನನ್ನು ವಾಪಸು ಕರೆತರುವ ಹೊಣೆ ವಿಮಾನಯಾನ ಸಂಸ್ಥೆಯದೇ ಆಗಿರುವುದರಿಂದ, ಹಲವೆಡೆ ದಂಡವೂ ಬೀಳುವುದರಿಂದ, ಅವರು ವಿಮಾನಯಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎಯ ಟಿಮ್ಯಾಟಿಕ್ ಎಂಬ ದತ್ತಾಂಶದಲ್ಲಿ ನಿಯಮಗಳನ್ನು ನೋಡಿಯೇ ಬೋರ್ಡಿಂಗ್ ಪಾಸ್ ಕೊಡುತ್ತಾರೆ. ಅಲ್ಲಿ ವಾದ ನಡೆಯುವುದಿಲ್ಲ.

ಉತ್ತರ 2

ಸಂಖ್ಯೆಯ ವಿಚಾರಕ್ಕೆ ಬರೋಣ. ನವೀಕರಣವೆಂದರೆ ಬಹುತೇಕ ದೇಶಗಳಲ್ಲಿ ಹಳೆಯದರ ಅವಧಿಯನ್ನು ವಿಸ್ತರಿಸುವುದಲ್ಲ, ಹೊಸ ಸಂಖ್ಯೆಯ ಹೊಸ ಪುಸ್ತಿಕೆಯನ್ನೇ ಕೊಡುವುದು. ಟಿಕೆಟ್ ನಿಂತಿರುವುದು ನಿಮ್ಮ ಹೆಸರಿನ ಮೇಲೆ. ಪಾಸ್‌ಪೋರ್ಟ್ ಸಂಖ್ಯೆಯನ್ನು ವಿಮಾನಯಾನ ಸಂಸ್ಥೆಯ ಜಾಲತಾಣದಲ್ಲಿ ಅಥವಾ ಚೆಕ್-ಇನ್ ಸಮಯದಲ್ಲಿ ಬದಲಿಸಿದರೆ ಸಾಕು. ಹಳೆಯ ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾವನ್ನು ಅದರ ಅವಧಿ ಮುಗಿಯುವವರೆಗೆ ಮಾನ್ಯ ಮಾಡುವ ದೇಶಗಳಿವೆ. ಅಮೆರಿಕದ ವೀಸಾ ಅಂಥದ್ದು. ಹಳೆಯದು, ಹೊಸದು ಎರಡನ್ನೂ ಜೊತೆಗೊಯ್ದರಾಯಿತು. ಆದರೆ ವೀಸಾ ಪುಟ ಹರಿದಿರಬಾರದು. ಹಳೆಯ ಪುಸ್ತಿಕೆಯನ್ನು ರದ್ದುಗೊಳಿಸುವಾಗ ಮೂಲೆ ಕತ್ತರಿಸುವುದು ಅಥವಾ ತೂತು ಹೊಡೆಯುವುದು ರೂಢಿ. ಆದ್ದರಿಂದ ಅರ್ಜಿ ಕೊಡುವಾಗಲೇ ಚಾಲ್ತಿಯಲ್ಲಿರುವ ವೀಸಾ ಇದೆಯೆಂದು ಹೇಳಿ, ಪುಸ್ತಿಕೆಯನ್ನು ಮರಳಿ ಕೇಳಿ ಪಡೆಯಿರಿ.

ಆನ್‌ಲೈನಿನಲ್ಲಿ ಪಡೆಯುವ ಪ್ರಯಾಣಾನುಮತಿಗಳ ಕಥೆ ಬೇರೆ. ಅಮೆರಿಕದ ಎಸ್ಟಾ, ಕೆನಡಾದ ಇಟಿಎ ಮುಂತಾದವು ಪಾಸ್‌ಪೋರ್ಟಿಗೇ ತಳಕು ಹಾಕಿಕೊಂಡಿರುವುದರಿಂದ ಪುಸ್ತಿಕೆ ಬದಲಾದರೆ ಹೊಸದಾಗಿ ಅರ್ಜಿ ಹಾಕಬೇಕು.

ಅರ್ಜಿ ಸಲ್ಲಿಸಿದ ದಿನವೇ ಹಳೆಯದನ್ನು ರದ್ದುಗೊಳಿಸುವ ಅಥವಾ ಕಚೇರಿಯಲ್ಲೇ ಉಳಿಸಿಕೊಳ್ಳುವ ದೇಶಗಳೂ ಇರುವುದರಿಂದ, ಹೊಸದು ಕೈಗೆ ಬರುವವರೆಗೆ ನೀವು ಎಲ್ಲಿಗೂ ಹೊರಡುವಂತಿಲ್ಲ ಎಂದೇ ಭಾವಿಸಿ ದಿನ ಗೊತ್ತುಮಾಡಿಕೊಳ್ಳಿ. ಮೂರು ತಿಂಗಳಿರುವಾಗ ಕಾಯುತ್ತಾ ಕೂರುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ಉತ್ತರ 3

ಮೇಲಿನವರು ಟಿಕೆಟ್ ಹೆಸರಿನ ಮೇಲೆ ನಿಂತಿದೆ ಎಂದರಲ್ಲ, ಆ ಹೆಸರನ್ನೇ ಒಮ್ಮೆ ನೋಡಿಕೊಳ್ಳಿ. ಭಾವಚಿತ್ರವಿರುವ ಪುಟದ ಕೆಳಗೆ ಬಾಣದ ಗುರುತುಗಳು ತುಂಬಿರುವ ಎರಡು ಸಾಲುಗಳಿರುತ್ತವೆ. ಒಂದೊಂದರಲ್ಲೂ 44 ಸ್ಥಾನಗಳು. ಯಂತ್ರ ಓದುವುದು ಇದನ್ನೇ. ಮೊದಲ ಸಾಲಿನಲ್ಲಿ ಕುಲನಾಮ, ನಂತರ ಎರಡು ಬಾಣ, ನಂತರ ಕೊಟ್ಟ ಹೆಸರು. ಒಂದೇ ಹೆಸರಿರುವವರಿಗೆ ತೊಡಕು ಹುಟ್ಟುವುದು ಇಲ್ಲೇ: ಅಮೆರಿಕದ ವೀಸಾದಲ್ಲಿ ಅಂಥವರ ಒಂದೇ ಹೆಸರು ಕುಲನಾಮದ ಜಾಗಕ್ಕೆ ಹೋಗಿ, ಕೊಟ್ಟ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ) ಎಂದು ಬೀಳುತ್ತದೆ. ಹೆಸರಿನಲ್ಲಿ ತಿದ್ದುಪಡಿ ಬೇಕಿದ್ದರೆ ನವೀಕರಣದ ಅರ್ಜಿಯಲ್ಲೇ ಕೇಳುವುದು ಜಾಣತನವಾದರೂ, ವೀಸಾ ಮತ್ತು ಟಿಕೆಟ್ ಎರಡೂ ಹಳೆಯ ಹೆಸರಿನಲ್ಲಿರುವಾಗ ಈ ಸಲ ಅದಕ್ಕೆ ಕೈ ಹಾಕಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ರಾಯಭಾರ ಕಚೇರಿಯ ಜಾಲತಾಣದಲ್ಲಿ ಪ್ರವೇಶದ ದಿನದಿಂದ ಆರು ತಿಂಗಳು ಎಂದೇ ಇದೆ. ಹಳೆಯ ಪುಸ್ತಿಕೆಯ ವೀಸಾವನ್ನು ಹೊಸದರ ಜೊತೆ ತೋರಿಸಬಹುದೆಂದೂ ಇದೆ. ನವೀಕರಣಕ್ಕೆ ಇಂದೇ ಅರ್ಜಿ ತುಂಬಿದೆ. ಮೂರನೆಯ ಉತ್ತರ ಓದಿ ಆ ಎರಡು ಸಾಲುಗಳ ಪಕ್ಕದಲ್ಲಿ ಟಿಕೆಟ್ ಇಟ್ಟು ಅಕ್ಷರಕ್ಕಕ್ಷರ ಹೋಲಿಸಿದೆ. ಟಿಕೆಟಿನಲ್ಲಿ ನನ್ನ ಹೆಸರಿನ ಒಂದು ‘ಎಚ್’ ಬಿಟ್ಟುಹೋಗಿದೆ. ನಾಳೆ ಬೆಳಿಗ್ಗೆ ಮೊದಲ ಕರೆ ವಿಮಾನಯಾನ ಸಂಸ್ಥೆಗೆ.