ಆಲ್ಟೊ ಸ್ಯಾಕ್ಸೊಫೋನಿನ ಮೌತ್‌ಪೀಸಿಗೆ ಯಾವ ಪ್ಯಾಚ್ ಅಂಟಿಸಬೇಕು?

ಪ್ರಶ್ನೆ: ಕಲಬುರಗಿಯಿಂದ, ಆಲ್ಟೊ ಕಲಿಯುತ್ತಿರುವವನು

ಎಲ್ಲರಿಗೂ ಶರಣು ಶರಣಾರ್ಥಿ. ಮೂರು ವರ್ಷಗಳಿಂದ ಆಲ್ಟೊ ಸ್ಯಾಕ್ಸೊಫೋನ್ ಕಲಿಯುತ್ತಿದ್ದೇನೆ. ಈ ವಾದ್ಯಕ್ಕೆಂದೇ ಗುರುಗಳು ನನಗೆ ಊರಿನಲ್ಲಿ ದೊರೆಯದ ಕಾರಣ, ಹಿಂದೂಸ್ತಾನಿ ಗಾಯನದ ಗುರುಗಳ ಬಳಿ ರಾಗದ ಪಾಠ ಹೇಳಿಸಿಕೊಂಡು, ಅವರು ಹಾಡಿದ್ದನ್ನು ಮನೆಗೆ ಬಂದು ವಾದ್ಯದಲ್ಲಿ ಹುಡುಕಿಕೊಳ್ಳುತ್ತೇನೆ. ಶ್ರಾವಣದಲ್ಲಿ ಓಣಿಯ ಭಜನೆಗಳಲ್ಲಿ ವಚನಗಳಿಗೆ ಜೊತೆಯಾಗಿ ಊದುವುದೂ ಉಂಟು.

ಮೊದಲ ವರ್ಷ ವಾದ್ಯದ ಜೊತೆಗೆ ಬಂದ ಪ್ಲಾಸ್ಟಿಕ್ ಮೌತ್‌ಪೀಸಿನಲ್ಲೇ (ಬಾಯಿಗಿಟ್ಟು ಊದುವ ಭಾಗ) ಊದಿದೆ. ಆಮೇಲೆ ಹಣ ಕೂಡಿಸಿ ಎಬೊನೈಟಿನದೊಂದನ್ನು, ಅಂದರೆ ಗಟ್ಟಿ ರಬ್ಬರಿನದನ್ನು, ಕೊಂಡೆ. ಎಂಟು ತಿಂಗಳು ಕಳೆಯುವಷ್ಟರಲ್ಲಿ ಅದರ ಮೇಲಿನ ಇಳಿಜಾರಿನಲ್ಲಿ, ಬಾಚಿಹಲ್ಲುಗಳು ಕೂರುವ ಜಾಗದಲ್ಲಿ, ಉಗುರಿಗೆ ಸಿಗುವಷ್ಟು ಆಳದ ಎರಡು ಗುಳಿಗಳು ಬಿದ್ದಿವೆ. ನೋಟಕ್ಕೆ ಕೆಟ್ಟದಾಯಿತು ಎಂಬುದಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ತೆಗೆಯಲು ಕೆಳದವಡೆಯನ್ನು ಸಡಿಲಿಸಿದಾಗ ಮೇಲಿನ ಹಲ್ಲು ಗುಳಿಯ ಅಂಚಿನಿಂದ ಜಾರುತ್ತದೆ, ಗಾಂಧಾರಕ್ಕೆ ಇಳಿಯಬೇಕಾದ ಸ್ವರ ನಡುದಾರಿಯಲ್ಲೇ ತಡವರಿಸುತ್ತದೆ.

ಕಳೆದ ಬೇಸಿಗೆಯಲ್ಲಿ ಆನ್‌ಲೈನಿನಲ್ಲಿ ಯಾವ ಹೆಸರೂ ಇಲ್ಲದ ಅಗ್ಗದ ಪ್ಯಾಚ್, ಅಂದರೆ ಹಲ್ಲು ಕೂರುವ ಜಾಗಕ್ಕೆ ಹಚ್ಚುವ ಅಂಟುಳ್ಳ ಮೆತ್ತೆ, ತರಿಸಿ ಅಂಟಿಸಿದ್ದೆ. ನಮ್ಮ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ, 42 ಡಿಗ್ರಿ ದಾಟುವ ದಿನಗಳು ಅಪರೂಪವಲ್ಲ. ಒಂದು ವಾರದಲ್ಲಿ ಅಂಟು ಸುತ್ತಲೂ ಒಸರಿ, ಪ್ಯಾಚ್ ತುದಿಯ ಕಡೆಗೆ ಸರಿದು, ಕೊನೆಗೆ ಹಲ್ಲಿಗೇ ಹತ್ತಿಕೊಂಡು ಬಂತು. ಗೆಳೆಯನೊಬ್ಬ ಪಂಕ್ಚರ್ ಅಂಗಡಿಗೆ ಹೋಗಿ ಟ್ಯೂಬಿನ ತುಂಡು ಹಚ್ಚಿಸಿಕೊಂಡು ಬಾ ಎನ್ನುತ್ತಾನೆ. ಅವನು ತಮಾಷೆಗೆ ಹೇಳುತ್ತಿದ್ದಾನೋ ನಿಜವಾಗಿಯೋ ತಿಳಿಯದು.

ಈಗ ಒಳ್ಳೆಯದನ್ನೇ ಕೊಳ್ಳಬೇಕೆಂದಿದ್ದೇನೆ. ವ್ಯಾಂಡೊರೆನ್ ಕಂಪನಿಯಲ್ಲಿ 0.35 ಮಿ.ಮೀ. ದಪ್ಪದ ಪಾರದರ್ಶಕ ಪ್ಯಾಚ್ ಇದೆ, 0.80 ಮಿ.ಮೀ. ದಪ್ಪದ ಕಪ್ಪು ಪ್ಯಾಚೂ ಇದೆ. ಎರಡರಲ್ಲಿ ನನ್ನಂಥವನಿಗೆ ಯಾವುದು ಸರಿ? ಪ್ಯಾಚ್ ಅಂಟಿಸಿದರೆ ನಾದ ಮಂಕಾಗುತ್ತದೆ ಎಂಬ ಮಾತು ನಿಜವೇ? ಈಗಾಗಲೇ ಬಿದ್ದ ಗುಳಿಗಳನ್ನು ಏನು ಮಾಡಬೇಕು?

ಉತ್ತರ 1: ಬೀದರಿನಿಂದ, ಬ್ಯಾಂಡ್ ವಾದಕ

ತಮ್ಮಾ, ನಿನ್ನ ಗೆಳೆಯ ತಮಾಷೆ ಮಾಡುತ್ತಿಲ್ಲ. ಮೂವತ್ತು ವರ್ಷಗಳಿಂದ ಮದುವೆಯ ಬ್ಯಾಂಡಿನಲ್ಲಿ ಟೆನರ್ ಸ್ಯಾಕ್ಸೊಫೋನ್ ಊದುತ್ತಿರುವ ನಾನು ಪ್ರಾಯದಲ್ಲಿ ಅದನ್ನೇ ಮಾಡಿದವನು. ಸೈಕಲ್ ಟ್ಯೂಬನ್ನು ಕತ್ತರಿಸಿ, ಉಪ್ಪುಕಾಗದದಿಂದ ಉಜ್ಜಿ, ಪಂಕ್ಚರ್ ಅಂಗಡಿಯ ಸಲ್ಯೂಷನ್ ಸವರಿ ಅಂಟಿಸಿಕೊಂಡರೆ ಅದು ಕೀಳಬೇಕೆಂದರೂ ಬರುವುದಿಲ್ಲ, ಅಷ್ಟು ಗಟ್ಟಿ. ಆದರೆ ಬಾರಾತ್ ಮುಗಿಯುವ ಹೊತ್ತಿಗೆ ಹಲ್ಲಿನ ಅಂಚು ಕಪ್ಪಾಗಿರುತ್ತಿತ್ತು, ಸಲ್ಯೂಷನ್ನಿನ ವಾಸನೆ ಮರುದಿನದ ಚಹಾದಲ್ಲೂ ಬರುತ್ತಿತ್ತು. ಬಾಯಿಗೆ ಹೋಗಲೆಂದು ಮಾಡಿದ ರಬ್ಬರ್ ಅದಲ್ಲ. ಕಪ್ಪು ಇನ್ಸುಲೇಷನ್ ಟೇಪನ್ನು ಎರಡು ಮೂರು ಪದರ ಸುತ್ತುವವರೂ ನಮ್ಮಲ್ಲಿ ಇದ್ದರು. ಉಗುಳು ತಾಗಿದ ಕೂಡಲೇ ಅಂಚು ಬಿಡುತ್ತದೆ, ಅಂಟು ತುಟಿಗೆ ಬರುತ್ತದೆ. ಎರಡನ್ನೂ ಮಾಡಬೇಡ.

ನನ್ನ ಅನುಭವದಲ್ಲಿ 0.80ರ ದಪ್ಪ ಪ್ಯಾಚೇ ಸರಿ. ನನ್ನದು ಲೋಹದ ಮೌತ್‌ಪೀಸ್. ಬೀದರಿನ ಡಿಸೆಂಬರ್ ರಾತ್ರಿಯಲ್ಲಿ ಚೌಬಾರಾದ ಬಳಿ ಮೆರವಣಿಗೆ ನಿಂತು ಮತ್ತೆ ಹೊರಟಾಗ ಆ ಲೋಹವನ್ನು ಬರಿಹಲ್ಲಿಗೆ ಕೊಟ್ಟು ನೋಡಿದವನಿಗೆ ಪ್ಯಾಚ್ ಏಕೆ ಬೇಕೆಂದು ಯಾರೂ ವಿವರಿಸಬೇಕಾಗಿಲ್ಲ. ಅದಕ್ಕಿಂತ ದೊಡ್ಡ ಕಾರಣ ನಡಿಗೆ. ನಡೆಯುತ್ತ ಊದುವವನ ವಾದ್ಯ ಹೆಜ್ಜೆಹೆಜ್ಜೆಗೂ ಕೊರಳಪಟ್ಟಿಯಲ್ಲಿ ಕುಲುಕುತ್ತದೆ, ಆ ಕುಲುಕನ್ನೆಲ್ಲ ತಡೆಯುವುದು ಮೇಲಿನ ಎರಡು ಹಲ್ಲು. ಮೆತ್ತಗಿನ ದಪ್ಪ ರಬ್ಬರಿನಲ್ಲಿ ಹಲ್ಲು ಸ್ವಲ್ಪ ಹೂತು ನಿಲ್ಲುತ್ತದೆ, ಜಾರುವುದಿಲ್ಲ. ಮಾಡುವವರಿಗೂ ಇದು ಗೊತ್ತಿರುವುದರಿಂದಲೇ ಒಟ್ಟೊ ಲಿಂಕ್ ಕಂಪನಿಯ ಲೋಹದ ಮೌತ್‌ಪೀಸುಗಳಲ್ಲಿ ಹಲ್ಲು ಕೂರುವ ಜಾಗಕ್ಕೆ ಬೇರೆ ವಸ್ತುವಿನ ತುಂಡನ್ನು ಮೊದಲೇ ಕೂಡಿಸಿರುತ್ತಾರೆ.

ಉತ್ತರ 2: ಯಾದಗಿರಿಯಿಂದ, ವಾದ್ಯ ದುರಸ್ತಿ ಮಾಡುವವನು

ಬೀದರಿನ ಅಣ್ಣಾವರು ಹೇಳಿದ್ದು ಅವರ ವಾದ್ಯಕ್ಕೆ, ಅವರ ಕೆಲಸಕ್ಕೆ ಪೂರ್ತಿ ಸರಿ. ಆದರೆ ಜಮಖಾನದ ಮೇಲೆ ಕುಳಿತು ಮೀಂಡ್ ತೆಗೆಯುವವರಿಗೆ ಅದೇ ಸಲಹೆ ಕೊಡಲು ನಾನು ಒಪ್ಪುವುದಿಲ್ಲ. ಲೋಹದ ಮೌತ್‌ಪೀಸು ತೆಳ್ಳಗಿರುತ್ತದೆ, ಅದರ ಮೇಲೆ 0.80 ಮಿ.ಮೀ. ಏರಿಸಿದರೂ ಬಾಯಿ ಹೆಚ್ಚು ತೆರೆಯಬೇಕಾಗುವುದಿಲ್ಲ. ಎಬೊನೈಟಿನದು ಮೊದಲೇ ಉಬ್ಬಿಕೊಂಡಿರುತ್ತದೆ. ಒಂದು ಮಿಲಿಮೀಟರಿನೊಳಗಿನ ವ್ಯತ್ಯಾಸ ಕೈಗೆ ಏನೂ ಅನ್ನಿಸದಿರಬಹುದು, ಬಾಯಿಗೆ ಅದು ಮನೆಯ ಹೊಸ್ತಿಲು ಎತ್ತರಿಸಿದಷ್ಟು ತಿಳಿಯುತ್ತದೆ. ಎಷ್ಟೋ ವರ್ಷ ಒಂದೇ ಅಳತೆಗೆ ಹೊಂದಿಕೊಂಡ ದವಡೆ ಹೊಸ ಅಳತೆಗೆ ಒಗ್ಗಿಕೊಳ್ಳುವವರೆಗೆ ತಾರಸಪ್ತಕದ ಸ್ವರಗಳು ಸಡಿಲವಾಗಿ ಕೇಳಬಹುದು. ಬಾಯಿ ಬಿಗಿ ಹಿಡಿದು ಊದುವ ಅಭ್ಯಾಸವಿರುವವರಿಗೆ ಆ ತೆರವೇ ಔಷಧವಾಗುವುದೂ ಉಂಟು. ಆದ್ದರಿಂದ ದಪ್ಪದ್ದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಾರಣವಿಲ್ಲದೆ ಅಲ್ಲಿಂದ ಆರಂಭಿಸಬೇಡಿ ಎನ್ನುತ್ತಿದ್ದೇನೆ.

ನಿಮ್ಮ ವಿಷಯದಲ್ಲಿ ತೊಡಕು ಆ ಗುಳಿಗಳದ್ದು. 0.35ರ ಪ್ಯಾಚನ್ನು ಗುಳಿಯ ಮೇಲೆ ಎಳೆದು ಅಂಟಿಸಿದರೆ ಅದು ಕೆಲವೇ ದಿನಗಳಲ್ಲಿ ಒಳಕ್ಕೆ ಕುಸಿದು, ಹಲ್ಲು ಮತ್ತೆ ಹಳೆಯ ಹಳ್ಳದಲ್ಲೇ ಕೂರುತ್ತದೆ. ದಪ್ಪ ಪ್ಯಾಚ್ ಅದನ್ನು ಮುಚ್ಚುತ್ತದೆ, ಆದರೆ ಮೇಲೆ ಹೇಳಿದ ಎತ್ತರ ಬರುತ್ತದೆ. ಮೊದಲು ಗುಳಿಯನ್ನು ತುಂಬಿಸಿ, ಮೇಲ್ಮೈ ಸಮ ಮಾಡಿಸಿ, ಅದರ ಮೇಲೆ ತೆಳು ಪ್ಯಾಚ್ ಹಾಕುವುದು ನನ್ನ ರೀತಿ. ಎರಡು ಟ್ಯೂಬುಗಳನ್ನು ಬೆರೆಸಿ ಮಾಡುವ ಎಪಾಕ್ಸಿ ಇದಕ್ಕೆ ಸಾಕು. ಪೂರ್ತಿ ಗಟ್ಟಿಯಾದ ಮೇಲೆ ನಯ ಮಾಡಿ, ಅದು ಬಾಯಿಗೆ ತಾಗದಂತೆ ಪ್ಯಾಚಿನಿಂದ ಮುಚ್ಚಬೇಕು. ಇದನ್ನು ನೀವೇ ಮಾಡಿದರೂ ತುದಿಯ ಹತ್ತಿರ ಮಾತ್ರ ಉಪ್ಪುಕಾಗದ ಒಯ್ಯಬೇಡಿ. ಊದಿದಾಗ ಕಂಪಿಸುವ ತೆಳು ಪಟ್ಟಿಯಾದ ರೀಡಿನ ಎದುರಿಗಿರುವ ಆ ತುದಿಯ ಅಂಚು ಕೂದಲೆಳೆಯಷ್ಟು ಸವೆದರೂ ಮೌತ್‌ಪೀಸ್ ಮೊದಲಿನಂತೆ ಮಾತಾಡುವುದಿಲ್ಲ.

ಅಂಟಿಸುವ ವಿಧಾನದಲ್ಲಿ ಜನ ಅವಸರ ಮಾಡಿ ಕೆಡಿಸಿಕೊಳ್ಳುತ್ತಾರೆ. ಎಬೊನೈಟ್ ಎಂದರೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ರಬ್ಬರ್. ಬಿಸಿನೀರು ತಾಗಿದರೆ, ಬಿಸಿಲಿಗೆ ಇಟ್ಟರೆ ಅದರ ಕಪ್ಪು ಹಸಿರು-ಕಂದಿಗೆ ತಿರುಗಿ ಗಂಧಕದ ವಾಸನೆ ಬಿಡುತ್ತದೆ. ತಣ್ಣೀರಿನಲ್ಲಿ ತುಸು ಸೋಪು ಹಾಕಿ ತೊಳೆದು ಒರೆಸಿ. ಮೇಲೆ ಬಿಳಿ ಪದರ ಕಟ್ಟಿದ್ದರೆ ಅದು ಉಗುಳಿನ ಸುಣ್ಣದಂಶ, ನಿಂಬೆರಸ ಅದ್ದಿದ ಬಟ್ಟೆಯಲ್ಲಿ ಒರೆಸಿದರೆ ಬಿಡುತ್ತದೆ. ಕೊನೆಯಲ್ಲಿ ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಪ್ಯಾಚ್ ಕೂರುವ ಜಾಗವನ್ನಷ್ಟೇ ಒಮ್ಮೆ ಒರೆಸಿ ಜಿಡ್ಡು ತೆಗೆಯಿರಿ. ಹಳೆಯ ಅಂಟು ಉಳಿದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬೆರಳಿನಿಂದ ಉಜ್ಜಿದರೆ ಸುರುಳಿಯಾಗಿ ಬರುತ್ತದೆ. ಉಗುರುಬಣ್ಣ ತೆಗೆಯುವ ದ್ರವವನ್ನು ಮಾತ್ರ ಮುಟ್ಟಬೇಡಿ, ಪ್ಲಾಸ್ಟಿಕ್ ಮೌತ್‌ಪೀಸಿನ ಮೇಲ್ಮೈಯನ್ನು ಅದು ಕರಗಿಸಿಬಿಡಬಹುದು.

ಪ್ಯಾಚಿನ ಮುಂದಿನ ಅಂಚು ಮೌತ್‌ಪೀಸಿನ ತುದಿಯನ್ನು ದಾಟಬಾರದು. ಒಂದೆರಡು ಮಿಲಿಮೀಟರ್ ಹಿಂದೆಯೇ ಇರಲಿ. ಮೂಲೆಗಳು ಚೂಪಾಗಿದ್ದರೆ ಕತ್ತರಿಯಿಂದ ದುಂಡಗೆ ಮಾಡಿ, ಮೂಲೆಯಿಂದಲೇ ಅಂಟು ಬಿಡಲು ಶುರುವಾಗುತ್ತದೆ. ಹೆಬ್ಬೆರಳಿನಿಂದ ನಡುವಿನಿಂದ ಹೊರಕ್ಕೆ ಒತ್ತಿ, ಒಂದು ರಾತ್ರಿ ಊದದೆ ಬಿಡಿ. ಸಂಜೆ ಅಂಟಿಸಿ ಆಗಲೇ ಭಜನೆಗೆ ಹೊರಟರೆ ಉಗುಳು ಒಳಗೆ ಇಳಿದು ಎಲ್ಲ ಶ್ರಮ ವ್ಯರ್ಥ. ನಿಮ್ಮ ಹಳೆಯ ಪ್ಯಾಚ್ ಸರಿದದ್ದರಲ್ಲಿ ಅಗ್ಗದ ಅಂಟಿನ ಪಾಲು ಇದ್ದೇ ಇದೆ. ವಾದ್ಯದ ಪೆಟ್ಟಿಗೆಯನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲೋ ಪತ್ರಾಸಿನ ಮನೆಯ ಅಟ್ಟದಲ್ಲೋ ಇಟ್ಟಿದ್ದಿರಾ ಎಂಬುದನ್ನೂ ಒಮ್ಮೆ ನೆನಪಿಸಿಕೊಳ್ಳಿ.

ಉತ್ತರ 3: ಕಲಬುರಗಿಯಿಂದ, ದಂತವೈದ್ಯೆ, ಹವ್ಯಾಸಕ್ಕೆ ಕ್ಲಾರಿನೆಟ್

ನಾದ ಮಂಕಾಗುತ್ತದೆಯೇ ಎಂಬ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಊದುವವರಿಗೆ ತಮ್ಮ ನಾದ ಎರಡು ದಾರಿಯಲ್ಲಿ ಕೇಳುತ್ತದೆ: ಒಂದು ಗಾಳಿಯ ಮೂಲಕ ಕಿವಿಗೆ, ಇನ್ನೊಂದು ಮೇಲಿನ ಹಲ್ಲಿನಿಂದ ತಲೆಬುರುಡೆಯ ಮೂಲಕ ನೇರವಾಗಿ ಒಳಗಿವಿಗೆ. ಪ್ಯಾಚ್ ಈ ಎರಡನೆಯ ದಾರಿಗೆ ಹಾಸಿದ ಕಂಬಳಿ. ಅದು ದಪ್ಪವಾದಷ್ಟೂ ಮೆತ್ತಗಾದಷ್ಟೂ ಹಲ್ಲಿನಲ್ಲಿ ಜುಮ್ಮೆನ್ನುವ ಕಂಪನ ಕಡಿಮೆಯಾಗಿ, ನಾದದ ಹೊಳಪು ಹೋಯಿತೆಂದು ನಮಗೆ ಅನ್ನಿಸುತ್ತದೆ. ಎದುರು ಕುಳಿತವರಿಗೆ ಹಲ್ಲಿನ ದಾರಿಯೇ ಇಲ್ಲದ್ದರಿಂದ ಅವರಿಗೆ ತಿಳಿಯುವ ವ್ಯತ್ಯಾಸ ತೀರ ಅತ್ಯಲ್ಪ. ಮೊಬೈಲನ್ನು ಏಳೆಂಟು ಅಡಿ ದೂರದಲ್ಲಿಟ್ಟು ಪ್ಯಾಚ್ ಇಲ್ಲದೆ ಒಮ್ಮೆ, ಇಟ್ಟುಕೊಂಡು ಒಮ್ಮೆ ಧ್ವನಿಮುದ್ರಿಸಿ ಕೇಳಿರಿ.

ಆದರೆ ನನ್ನ ಗಮನ ಹೋದದ್ದು ಎಂಟು ತಿಂಗಳಲ್ಲಿ ಗುಳಿ ಬಿತ್ತು ಎಂಬ ಮಾತಿನ ಮೇಲೆ. ಹಲ್ಲಿನ ಗುರುತು ಯಾರಿಗಾದರೂ ಬೀಳುತ್ತದೆ. ಉಗುರಿಗೆ ಸಿಗುವ ಹಳ್ಳ ಅಷ್ಟು ಬೇಗ ಬಿದ್ದಿದ್ದರೆ ನೀವು ಮೌತ್‌ಪೀಸನ್ನು ಕಚ್ಚುತ್ತಿದ್ದೀರಿ ಎಂದೇ ನನ್ನ ಊಹೆ. ಮೇಲಿನ ಹಲ್ಲುಗಳ ಕೆಲಸ ಅದರ ಮೇಲೆ ಒರಗಿ ನಿಲ್ಲುವುದು, ಅಷ್ಟೇ. ರೀಡನ್ನು ಹಿಡಿದಿಡುವ ಕೆಲಸ ತುಟಿಯ ಸುತ್ತಲಿನ ಸ್ನಾಯುಗಳದ್ದು. ಕದ್ರಿ ಗೋಪಾಲನಾಥರು (1949–2019) ಇದೇ ಆಲ್ಟೊದಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿ ತೋರಿಸಿದವರು. ಅಂಥ ಗಮಕವಾಗಲಿ ನಿಮ್ಮ ಮೀಂಡ್ ಆಗಲಿ, ಕೆಳದವಡೆ ಹಗುರವಾಗಿ ಆಡದಿದ್ದರೆ ಬರುವುದಿಲ್ಲ. ಮೇಲೂ ಕೆಳಗೂ ಬಿಗಿದುಕೊಂಡು ಕುಳಿತವನು ಸ್ವರವನ್ನು ಜಾರಿಸಲು ಹೋದರೆ ಹಲ್ಲೇ ಜಾರುತ್ತದೆ.

ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ದಿನಕ್ಕೆ ಹತ್ತು ನಿಮಿಷ ಮೇಲ್ತುಟಿಯನ್ನೂ ಹಲ್ಲಿನ ಕೆಳಗೆ ಮಡಚಿಕೊಂಡು, ಅಂದರೆ ಎರಡೂ ಕಡೆ ತುಟಿಯೇ ತಾಗುವಂತೆ, ಮಂದ್ರದ ಸ್ವರಗಳನ್ನು ದೀರ್ಘವಾಗಿ ಊದಿರಿ. ಕಚ್ಚಿದರೆ ತುಟಿಗೆ ನೋವಾಗುತ್ತದೆ. ಎಷ್ಟು ಒತ್ತಡ ಹೆಚ್ಚಾಗಿತ್ತು ಎಂಬುದನ್ನು ತುಟಿಯೇ ಲೆಕ್ಕ ಹೇಳುತ್ತದೆ. ಎರಡು ಗುಳಿಗಳೂ ಸಮವಾಗಿವೆಯೇ ನೋಡಿ. ಒಂದು ಆಳ, ಒಂದು ಮೇಲುಮೇಲಾಗಿದ್ದರೆ ನಿಮ್ಮ ಬಾಚಿಹಲ್ಲುಗಳ ಉದ್ದ ಒಂದೇ ಇಲ್ಲ, ಭಾರವೆಲ್ಲ ಒಂದೇ ಹಲ್ಲಿನ ಮೇಲಿದೆ ಎಂದರ್ಥ. ಆಗ ಮೆತ್ತಗಿನ ಪ್ಯಾಚಿಗೆ ನನ್ನ ಮತ, ಏಕೆಂದರೆ ಉದ್ದದ ಹಲ್ಲು ಅದರಲ್ಲಿ ತುಸು ಇಳಿದು ಗಿಡ್ಡ ಹಲ್ಲಿಗೂ ಆಸರೆ ಸಿಗುತ್ತದೆ. ಮುಂದಿನ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡವರಿಗೂ ಇದೇ ಮಾತು. ಊದಿದ ಮೇಲೆ ಕಿವಿಯ ಮುಂದೆ ದವಡೆಯ ಕೀಲು ನೋಯುತ್ತಿದ್ದರೆ, ಹಲ್ಲು ಅಲುಗಿದಂತೆ ಅನ್ನಿಸಿದರೆ ಪ್ಯಾಚ್ ಬದಲಿಸುತ್ತ ಕೂರದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ ಕೇಳಿದವನು, ಐದು ವಾರಗಳ ನಂತರ

ಅಣ್ಣಾವರಿಗೂ ಡಾಕ್ಟರ್ ಮೇಡಂ ಅವರಿಗೂ ಯಾದಗಿರಿಯ ಸರ್ ಅವರಿಗೂ ನಮಸ್ಕಾರ. ಹೈದರಾಬಾದಿಗೆ ಹೋಗಿದ್ದ ಪರಿಚಯದವರು ತಂದುಕೊಟ್ಟದ್ದು ದಪ್ಪದ್ದನ್ನೇ ಆದ್ದರಿಂದ ಮೊದಲು ಅದನ್ನೇ ಅಂಟಿಸಿದೆ. ಜಾರುವುದು ಅಂದೇ ನಿಂತಿತು. ಆದರೆ ತಾರ ಷಡ್ಜದ ಮೇಲೆ ಹೋದರೆ ಗಾಳಿ ಸೋರಿದಂತಾಗುತ್ತಿತ್ತು, ಅರ್ಧ ಗಂಟೆಗೆ ಕೆನ್ನೆ ಸೋಲುತ್ತಿತ್ತು. ಹತ್ತು ದಿನ ತಾಳಿಕೊಂಡರೂ ಹೊಂದಲಿಲ್ಲ.

ಆಮೇಲೆ ಗುಳಿಗಳನ್ನು ಎಪಾಕ್ಸಿಯಿಂದ ತುಂಬಿ, 0.35ರ ಆರು ಪ್ಯಾಚುಗಳ ಪೊಟ್ಟಣ ತರಿಸಿ, ಒಂದನ್ನು ಅಂಟಿಸಿ, ರಾತ್ರಿಯಿಡೀ ಬಿಟ್ಟೆ. ತುಂಬುವ ಮುನ್ನ ಡಾಕ್ಟರ್ ಮೇಡಂ ಹೇಳಿದಂತೆ ನೋಡಿದಾಗ ಎಡಗಡೆಯ ಗುಳಿ ಬಲಗಡೆಯದರ ಎರಡರಷ್ಟು ಆಳವಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ಎಡ ಬಾಚಿಹಲ್ಲು ಉದ್ದವಿರುವುದು ನಿಜ, ನಲವತ್ತು ವರ್ಷ ನನಗದು ಗೊತ್ತೇ ಇರಲಿಲ್ಲ. ಹಾಗಾಗಿ ದಪ್ಪ ಪ್ಯಾಚಿನಿಂದ ಬಲ ಹಲ್ಲಿನ ಅಗಲಕ್ಕೆ ಸಣ್ಣ ತುಂಡೊಂದನ್ನು ಕತ್ತರಿಸಿ, ತೆಳು ಪ್ಯಾಚಿನ ಮೇಲೆ ಬಲಗಡೆ ಮಾತ್ರ ಕೂಡಿಸಿ ನೋಡಿದೆ. ನೋಡಲು ತೇಪೆ ಹಾಕಿದ ಕೌದಿಯಂತಿದೆ, ಆದರೆ ಮೊದಲ ಬಾರಿಗೆ ಎರಡೂ ಹಲ್ಲು ಒಟ್ಟಿಗೆ ಕುಳಿತಿವೆ. ತುಟಿ ಮಡಚಿ ಊದುವ ಅಭ್ಯಾಸವನ್ನೂ ನಡೆಸಿದ್ದೇನೆ; ಮೊದಲ ವಾರ ತುಟಿ ಬಾತಿತ್ತು ಎಂದರೆ ಉಳಿದದ್ದನ್ನು ನೀವೇ ತಿಳಿಯುವಿರಿ.

ಧ್ವನಿಮುದ್ರಣವನ್ನೂ ಮಾಡಿದೆ. ಯಾವುದು ಯಾವುದೆಂದು ಹೇಳದೆ ಗುರುಗಳಿಗೆ ಎರಡನ್ನೂ ಕೇಳಿಸಿದೆ. ನಾದದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದರು. ಎರಡನೆಯದರಲ್ಲಿ ಮೀಂಡ್ ಒಡೆಯದೆ ಬಂದಿದೆಯಲ್ಲ, ಏನು ಮಾಡಿದಿ ಎಂದು ಕೇಳಿದರು. ಈಗ ಉಳಿದ ತೊಂದರೆ ಒಂದೇ: ಮೌತ್‌ಪೀಸಿನ ಮುಚ್ಚಳ ಹಾಕುವಾಗ ಅದು ಬಲಗಡೆಯ ಆ ತುಂಡಿಗೆ ತಾಗಿ ಅಂಚನ್ನು ಎತ್ತುತ್ತಿದೆ.

ಉತ್ತರ: ಯಾದಗಿರಿಯಿಂದ, ವಾದ್ಯ ದುರಸ್ತಿ ಮಾಡುವವನು

ಆ ಬಲಗಡೆಯ ತುಂಡಿನ ಉಪಾಯ ನನಗೂ ಹೊಳೆದಿರಲಿಲ್ಲ. ಆ ಮುಚ್ಚಳವನ್ನು ಬಿಟ್ಟು, ಮೌತ್‌ಪೀಸನ್ನು ಕಳಚಿ ಮೆತ್ತಗಿನ ಬಟ್ಟೆಯ ಚೀಲದಲ್ಲಿ ಇಡಿ, ರೀಡನ್ನು ಬೇರೆಯಾಗಿ ಅದರ ಡಬ್ಬಿಯಲ್ಲಿ ಇಡಿ. ರೀಡಿಗೂ ಅದೇ ಒಳ್ಳೆಯದು. ಎದ್ದ ಅಂಚನ್ನು ಮತ್ತೆ ಒತ್ತಿ ಕೂರಿಸುವ ಬದಲು ಹೊಸ ತುಂಡು ಹಾಕಿ, ಒಮ್ಮೆ ಒದ್ದೆಯಾದ ಅಂಟು ಮರಳಿ ಹಿಡಿಯುವುದಿಲ್ಲ.