ಕ್ಯೂಟೆಂಪ್‌ನಲ್ಲಿರೋ ಸೋರ್ಸ್ ಆರ್‌ಡಿಐನಲ್ಲಿ ಯಾಕೆ ಕಾಣಲ್ಲ?

ಪ್ರಶ್ನೆ: ಸರ್, ನಮ್ಮದು ಐಬಿಎಂ ಐ 7.4 (ಐಬಿಎಂ ಸರ್ವರ್‌ನ ಆಪರೇಟಿಂಗ್ ಸಿಸ್ಟಮ್). ಗ್ರೀನ್ ಸ್ಕ್ರೀನ್‌ನಲ್ಲಿ (ಅಕ್ಷರ ಮಾತ್ರದ ಟರ್ಮಿನಲ್ ಪರದೆ) ಓಡಿಸೋ ಒಂದು ಸಿಎಲ್ (ಸಿಸ್ಟಮ್ ಕಮಾಂಡ್‌ಗಳ ಭಾಷೆ) ಪ್ರೋಗ್ರಾಂ ಕ್ಯೂಟೆಂಪ್ ಅನ್ನೋ ತಾತ್ಕಾಲಿಕ ಲೈಬ್ರರಿಯಲ್ಲಿ ಸೋರ್ಸ್ ಫೈಲ್ ಮಾಡಿ, ಅದರಲ್ಲಿ ಆರ್‌ಪಿಜಿ ಭಾಷೆಯ ಕೋಡ್ ಇರೋ ಮೆಂಬರ್ (ಫೈಲ್ ಒಳಗಿನ ಒಂದು ಭಾಗ) ಬರೆಯುತ್ತೆ. ಗ್ರೀನ್ ಸ್ಕ್ರೀನ್‌ನ ಎಡಿಟರ್ ಎಸ್‌ಇಯುನಲ್ಲಿ ತೆರೆದರೆ ಬರುತ್ತೆ. ಪಿಸಿಯಲ್ಲಿ ಓಡೋ ಎಡಿಟರ್ ಆರ್‌ಡಿಐನಲ್ಲಿ ಅದೇ ಯೂಸರ್ ಐಡಿಯಲ್ಲಿ ನೋಡಿದರೆ ಕ್ಯೂಟೆಂಪ್‌ನಲ್ಲಿ ಆ ಫೈಲೇ ಇಲ್ಲ. ಅಥಾರಿಟಿ (ಅನುಮತಿ) ಸಮಸ್ಯೆನಾ?

ಉತ್ತರ: ಅಲ್ಲ. ಕ್ಯೂಟೆಂಪ್ ಯೂಸರ್‌ಗೆ ಸೇರಿದ್ದಲ್ಲ, ಜಾಬ್‌ಗೆ (ಸಿಸ್ಟಮ್‌ನಲ್ಲಿ ಓಡ್ತಿರೋ ಒಂದೊಂದು ಕೆಲಸ) ಸೇರಿದ್ದು. ನಿಮ್ಮ 5250 ಸೆಷನ್, ಅಂದರೆ ಗ್ರೀನ್ ಸ್ಕ್ರೀನ್, ಒಂದು ಜಾಬ್. ಆರ್‌ಡಿಐ ಕೆಲಸ ಮಾಡೋದು ಬೇರೆ ಸರ್ವರ್ ಜಾಬ್‌ಗಳ ಮೂಲಕ, ಅದಕ್ಕೆ ಕಾಣೋದು ಆ ಜಾಬ್‌ಗಳ ಕ್ಯೂಟೆಂಪ್. ಹೆಸರು ಒಂದೇ, ಲೈಬ್ರರಿ ಬೇರೆ. ಸೆಕ್ಯುರಿಟಿ ಆಫೀಸರ್ ಪ್ರೊಫೈಲ್ ಇದ್ದರೂ ಇನ್ನೊಂದು ಜಾಬ್‌ನ ಕ್ಯೂಟೆಂಪ್ ತೆರೆಯೋಕಾಗಲ್ಲ. ಸಿಸ್ಟಮ್ ರಿಕ್ವೆಸ್ಟ್ ಒತ್ತಿ 1 ಕೊಟ್ಟು ಹೋಗೋ ಎರಡನೇ ಸೆಷನ್ ಕೂಡ ಬೇರೆ ಜಾಬೇ.

ಸಿಎಲ್ ಪ್ರೋಗ್ರಾಂ ನಿಮ್ಮದೇ ಆದರೆ ಅದನ್ನೇ ಬದಲಾಯಿಸಿ, ಕಾಯಂ ವರ್ಕ್ ಲೈಬ್ರರಿಗೆ ಬರೆಯೋ ಹಾಗೆ ಮಾಡಿ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಕಾಪಿ ಮಾಡೋ ತಾಪತ್ರಯ ಬೇಡ. ಇಬ್ಬರು ಒಟ್ಟಿಗೆ ಓಡಿಸಿದರೆ ಮೆಂಬರ್ ಒಂದರ ಮೇಲೊಂದು ಬೀಳಬಾರದಲ್ಲ, ಅದಕ್ಕೆ ಜಾಬ್ ನಂಬರ್ ತೆಗೆದು ಮುಂದೆ ಒಂದು ಅಕ್ಷರ ಸೇರಿಸಿ ಮೆಂಬರ್ ಹೆಸರು ಮಾಡಿ. ನಂಬರ್ 6 ಅಂಕಿ. ಹೆಸರು ಅಂಕಿಯಿಂದ ಶುರುವಾಗೋ ಹಾಗಿಲ್ಲ, ಅಕ್ಷರ ಬೇಕೇ ಬೇಕು.

ಸೋರ್ಸ್ ಫೈಲ್ ಮಾಡುವಾಗ ರೆಕಾರ್ಡ್ ಉದ್ದ 112 ಕೊಡಿ. ಏನೂ ಕೊಡದಿದ್ದರೆ 92 ಆಗುತ್ತೆ: ಸೀಕ್ವೆನ್ಸ್ ನಂಬರ್‌ಗೆ 6, ದಿನಾಂಕಕ್ಕೆ 6, ಕೋಡ್‌ಗೆ ಉಳಿಯೋದು 80. 112ರ ಫೈಲಿಂದ ಅದಕ್ಕೆ ಸೋರ್ಸ್ ಕಾಪಿ ಕಮಾಂಡ್ ಕೊಟ್ಟರೆ ಕಾಪಿ ನಿಲ್ಲಲ್ಲ, 80 ದಾಟಿದ ಬಲಭಾಗ ಕತ್ತರಿಸಿ ಹೋಗುತ್ತೆ. ಸಾಲಿನ ಕೊನೆಯ ಸೆಮಿಕೋಲನ್ ಹೋಯಿತು ಅಂತ ಆಮೇಲೆ ತಲೆ ಕೆರೆದುಕೊಳ್ಳೋದು ಇದರಿಂದಲೇ.

ಮರುಪ್ರಶ್ನೆ: ಸದ್ಯಕ್ಕೆ ಎಸ್‌ಇಯುನಲ್ಲೇ ತಿದ್ದಿ ಪಿಡಿಎಂನಲ್ಲಿ (ಮೆಂಬರ್‌ಗಳ ಪಟ್ಟಿ ತೋರಿಸೋ ಪರದೆ) ಕಂಪೈಲ್ ಮಾಡೋಕೆ 14 ಕೊಟ್ಟರೆ ಸೋರ್ಸ್ ಫೈಲ್ ಸಿಗಲಿಲ್ಲ ಅಂತಿದೆ. ಮೆಂಬರ್ ಕಣ್ಣೆದುರೇ ಇದೆ!

ಉತ್ತರ: ಅದೇ ಕಾರಣ. ಕಂಪೈಲ್ ಬ್ಯಾಚ್‌ಗೆ (ಹಿನ್ನೆಲೆಯಲ್ಲಿ ಓಡೋ ಬೇರೆ ಜಾಬ್) ಹೋಗ್ತಿದೆ, ಬ್ಯಾಚ್ ಜಾಬ್‌ಗೆ ತನ್ನದೇ ಕ್ಯೂಟೆಂಪ್, ಅದರಲ್ಲಿ ನಿಮ್ಮ ಫೈಲ್ ಇಲ್ಲ. ಪಿಡಿಎಂನಲ್ಲಿ ಎಫ್18 ಒತ್ತಿ, ಬ್ಯಾಚ್ ಕಂಪೈಲ್ ಅನ್ನೋದನ್ನ 'ಎನ್' ಮಾಡಿ. ಕಂಪೈಲ್ ಕಮಾಂಡ್‌ನಲ್ಲಿ ಡೀಬಗ್ ವ್ಯೂ 'ಲಿಸ್ಟ್' ಇಡಿ, ಆಗ ಲಿಸ್ಟಿಂಗ್ (ಕಂಪೈಲರ್ ಕೊಡೋ ಸಾಲುಗಳ ವರದಿ) ಪ್ರೋಗ್ರಾಂ ಒಳಗೇ ಕೂತಿರುತ್ತೆ. 'ಸೋರ್ಸ್' ಇಟ್ಟರೆ ಡೀಬಗ್ಗರ್ ಮೂಲ ಮೆಂಬರನ್ನೇ ಹುಡುಕುತ್ತೆ, ಸೈನ್ ಆಫ್ ಆಗಿ ಜಾಬ್ ಜೊತೆ ಕ್ಯೂಟೆಂಪ್ ಅಳಿದ ಮೇಲೆ ಅದೆಲ್ಲಿರುತ್ತೆ? ಇನ್ನೊಂದು, ಎಸ್‌ಇಯು ಸಿಂಟ್ಯಾಕ್ಸ್ ಚೆಕ್ಕರ್ ಐಬಿಎಂ ಐ 6.1ಕ್ಕೇ ನಿಂತಿದೆ. ಪೂರ್ತಿ ಫ್ರೀ ಫಾರ್ಮ್ (ಕಾಲಂ ಕಟ್ಟುಪಾಡಿಲ್ಲದ) ಕೋಡ್ ಸರಿಯಿದ್ದರೂ ತಪ್ಪು ಅನ್ನುತ್ತೆ. ಕಂಪೈಲರ್ ಮಾತನ್ನ ನಂಬಿ.

ಇನ್ನೊಬ್ಬರ ಪ್ರಶ್ನೆ: ಎಸ್‌ಕ್ಯೂಎಲ್ ಸೇರಿದ ಆರ್‌ಪಿಜಿ ಕಂಪೈಲ್ ಆಗದಿದ್ದಾಗ ಲಿಸ್ಟಿಂಗ್‌ನ ಸಾಲು ನಂಬರ್ ನನ್ನ ಸೋರ್ಸ್‌ಗೆ ಹೊಂದಲ್ಲ. ಇದಕ್ಕೂ ಕ್ಯೂಟೆಂಪ್‌ಗೂ ಸಂಬಂಧ ಇದೆಯಾ?

ಉತ್ತರ: ಇದೆ. ಎಸ್‌ಕ್ಯೂಎಲ್ ಭಾಗವನ್ನ ಮೊದಲು ಆರ್‌ಪಿಜಿಗೆ ಬದಲಿಸೋ ಪ್ರೀಕಂಪೈಲರ್ ನಿಮ್ಮ ಸೋರ್ಸ್ ತಿದ್ದಿ ಕ್ಯೂಟೆಂಪ್‌ನ ಕ್ಯೂಎಸ್‌ಕ್ಯೂಎಲ್‌ಟೆಂಪ್1 ಫೈಲಿಗೆ ಬರೆಯುತ್ತೆ, ಆರ್‌ಪಿಜಿ ಕಂಪೈಲರ್ ಓದೋದು ಅದನ್ನ. ಬ್ಯಾಚ್ ಜಾಬ್ ಮುಗಿದ ಕ್ಷಣ ಅದೂ ಹೋಯ್ತು. 14ರ ಪಕ್ಕ ಎಫ್4 ಒತ್ತಿ, 'ಟು ಸೋರ್ಸ್ ಫೈಲ್' ಪ್ಯಾರಾಮೀಟರ್‌ಗೆ ನಿಮ್ಮ ವರ್ಕ್ ಲೈಬ್ರರಿ ಕೊಡಿ. ಮೆಂಬರ್ ಅಲ್ಲೇ ಉಳಿಯುತ್ತೆ, ಆರ್‌ಡಿಐನಲ್ಲಿ ತೆರೆದು ಸಾಲು ನೋಡಬಹುದು. ನೋಡೋಕೆ ಮಾತ್ರ, ತಿದ್ದೋದು ಮೂಲ ಸೋರ್ಸ್‌ನಲ್ಲೇ. ಮುಂದಿನ ಕಂಪೈಲ್‌ನಲ್ಲಿ ಪ್ರೀಕಂಪೈಲರ್ ಈ ಮೆಂಬರನ್ನ ಹೊಸದಾಗಿ ಬರೆಯುತ್ತೆ.